ಒಲ್ಲದ ಮನಸ್ಸಿನ ಹಸ್ತಲಾಘವ

1995ರ ನವೆಂಬರ್ 4, ಶನಿವಾರ ರಾತ್ರಿ. ಇಸ್ರೇಲ್‌ನ ಟೆಲ್ ಅವೀವ್ ನಗರದ ಚೌಕದಲ್ಲಿ ಶಾಂತಿಗಾಗಿ ದೊಡ್ಡ ಸಭೆ ನಡೆದಿತ್ತು. 73 ವರ್ಷದ ಪ್ರಧಾನಿ ಜನರ ಜೊತೆ ಶಾಂತಿಗೀತೆಗೆ ದನಿಗೂಡಿಸಿ, ಹಾಡಿನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಕಾರಿನತ್ತ ನಡೆದರು. ಹಿಂದಿನಿಂದ ಗುಂಡು ಹಾರಿತು. ಜೇಬಿನ ಹಾಳೆ ರಕ್ತದಲ್ಲಿ ತೊಯ್ದಿತ್ತು. ಕೊಂದವನು 25 ವರ್ಷದ ಯಹೂದಿ ಕಾನೂನು ವಿದ್ಯಾರ್ಥಿ. ಸತ್ತವರು ಯಿಟ್ಜಾಕ್ ರಾಬಿನ್.

ಗಾಜಾ ಸುದ್ದಿ ಬಂದಾಗಲೆಲ್ಲ ನಾವು ಗೆಳೆಯರು ಎರಡು ಗುಂಪಾಗಿ ವಾದಕ್ಕಿಳಿಯುತ್ತೇವೆ. ಆ ವಾದಕ್ಕೆ ಬಲ ಸಿಗಲೆಂದು ಓದಲು ಹೋಗಿ ನನಗೆ ಸಿಕ್ಕಿದ್ದು ರಾಬಿನ್ ಬದುಕು. ಅವರನ್ನು ಯಾವ ಗುಂಪಿಗೆ ಸೇರಿಸಬೇಕೋ ಇಂದಿಗೂ ತಿಳಿದಿಲ್ಲ.

ರಾಬಿನ್ ಹುಟ್ಟಿದ್ದು 1922ರಲ್ಲಿ, ಜೆರುಸಲೇಮ್‌ನಲ್ಲಿ. ಕೃಷಿ ಶಾಲೆಯಲ್ಲಿ ಓದಿದ ಹುಡುಗ 19ನೇ ವಯಸ್ಸಿಗೆ ಪಾಲ್ಮಾಕ್ ಎಂಬ ಯಹೂದಿ ಹೋರಾಟ ಪಡೆ ಸೇರಿದರು. 1948ರ ಯುದ್ಧದಲ್ಲಿ ಲಿಡ್ಡಾ, ರಾಮ್ಲೆ ಪಟ್ಟಣಗಳ ಹತ್ತಾರು ಸಾವಿರ ಅರಬ್ಬರನ್ನು ಹೊರದಬ್ಬಿದ ಆದೇಶಕ್ಕೆ ಅವರದೇ ಸಹಿ ಇತ್ತು. ಮುಂದೆ ಅದನ್ನು ಆತ್ಮಕಥೆಯಲ್ಲಿ ಬರೆದಾಗ ಇಸ್ರೇಲ್‌ನ ಸೆನ್ಸಾರ್ ಸಮಿತಿ ಆ ಭಾಗಕ್ಕೆ ಕತ್ತರಿ ಹಾಕಿತು. 1967ರ ಆರು ದಿನಗಳ ಯುದ್ಧದ ಹೊತ್ತಿಗೆ ಅವರು ಸೇನೆಯ ಮುಖ್ಯಸ್ಥರು. ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಮ್ ಇಸ್ರೇಲ್ ವಶವಾದದ್ದು ಆಗಲೇ.

1974ರಲ್ಲಿ ಪ್ರಧಾನಿಯಾದರು. ತಮ್ಮ ಹಾಗೂ ಪತ್ನಿಯ ಹೆಸರಿನಲ್ಲಿ ಅಮೆರಿಕದ ಬ್ಯಾಂಕಿನಲ್ಲಿದ್ದ ಖಾತೆ ಬಯಲಾದಾಗ, 1977ರ ಚುನಾವಣೆಗೆ ಮೊದಲೇ ನಾಯಕತ್ವದಿಂದ ಹಿಂದೆ ಸರಿದರು. ಆ ಚುನಾವಣೆಯಲ್ಲಿ ಅವರ ಲೇಬರ್ ಪಕ್ಷವೂ ಸೋತಿತು.

1987ರಲ್ಲಿ ಆಕ್ರಮಿತ ಪ್ರದೇಶಗಳಲ್ಲಿ ಪ್ಯಾಲೆಸ್ಟೀನಿಯನ್ ಯುವಕರು ಕಲ್ಲು ಹಿಡಿದು ಬೀದಿಗಿಳಿದರು. ಅದೇ ಮೊದಲ ಇಂತಿಫಾದ. ಆಗ ರಕ್ಷಣಾ ಸಚಿವರಾಗಿದ್ದ ರಾಬಿನ್, ಲಾಠಿ ಏಟಿನಿಂದಲೇ ಅದನ್ನು ಹತ್ತಿಕ್ಕಲು ಹೊರಟರು. ನಮ್ಮದೇ ವಯಸ್ಸಿನ ಎಷ್ಟೋ ಹುಡುಗರ ಕೈಕಾಲು ಮುರಿದವು. ದಂಗೆ ಮಾತ್ರ ನಿಲ್ಲಲಿಲ್ಲ. ಒಂದು ಜನಸಮುದಾಯವನ್ನು ಸೈನ್ಯದ ಬಲದಿಂದಲೇ ಶಾಶ್ವತವಾಗಿ ಆಳಲಾಗದು ಎಂಬ ಪಾಠ ಆ ಸೈನಿಕನಿಗೆ ಅಲ್ಲಿ ಸಿಕ್ಕಿತು.

1992ರಲ್ಲಿ ಮತ್ತೆ ಪ್ರಧಾನಿಯಾದಾಗ ಕಾಲವೂ ಬದಲಾಗಿತ್ತು. ಸೋವಿಯತ್ ಒಕ್ಕೂಟ ಕುಸಿದಿತ್ತು. ಕೊಲ್ಲಿ ಯುದ್ಧದಲ್ಲಿ ಸದ್ದಾಂ ಪರ ನಿಂತ ಯಾಸರ್ ಅರಾಫತ್‌ರ ಪಿಎಲ್‌ಒಗೆ ಶ್ರೀಮಂತ ಅರಬ್ ದೇಶಗಳ ಹಣ ನಿಂತಿತ್ತು. ಇತ್ತ ಹಮಾಸ್ ಬೆಳೆಯುತ್ತಿತ್ತು. ಬಲ ಕುಂದಿದ ಅರಾಫತ್ ಜೊತೆ ಮಾತಾಡುವುದೇ ಲೇಸು ಎಂದು ರಾಬಿನ್ ಲೆಕ್ಕ ಹಾಕಿದರು. ನಾರ್ವೆಯಲ್ಲಿ ಗುಟ್ಟಾಗಿ ನಡೆದ ಮಾತುಕತೆ ಫಲ ಕೊಟ್ಟಿತು. 1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಅಂಗಳದಲ್ಲಿ ಅರಾಫತ್ ಕೈ ಚಾಚಿದಾಗ, ಹಿಂಜರಿಯುತ್ತಲೇ ರಾಬಿನ್ ಕೈ ಕೊಟ್ಟರು. ಮರುವರ್ಷ ಇಬ್ಬರಿಗೂ, ಶಿಮೊನ್ ಪೆರೆಸ್ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆದರೆ ಒಪ್ಪಂದದ ಒಳಗನ್ನು ನೋಡಿ. ಪಿಎಲ್‌ಒ ಇಸ್ರೇಲ್ ದೇಶವನ್ನೇ ಮಾನ್ಯ ಮಾಡಿತು. ಇಸ್ರೇಲ್ ಮಾನ್ಯ ಮಾಡಿದ್ದು ಪಿಎಲ್‌ಒ ಎಂಬ ಸಂಸ್ಥೆಯನ್ನಷ್ಟೇ. ಪ್ಯಾಲೆಸ್ಟೀನ್ ರಾಷ್ಟ್ರದ ಭರವಸೆ ಎಲ್ಲೂ ಇರಲಿಲ್ಲ. ಜೆರುಸಲೇಮ್, ನಿರಾಶ್ರಿತರು, ಯಹೂದಿ ವಸಾಹತುಗಳು, ಗಡಿ – ಕಠಿಣ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿ, 5 ವರ್ಷಗಳ ಮಧ್ಯಂತರ ಅವಧಿ ಇಡಲಾಯಿತು. ಮೊದಲು ನಂಬಿಕೆ ಬೆಳೆಯಲಿ, ಆಮೇಲೆ ದೊಡ್ಡದನ್ನು ಬಗೆಹರಿಸೋಣ ಎಂಬುದು ತಂತ್ರ. ಆದರೆ ಆ ಬಿಡುವಿನಲ್ಲಿ ಬೆಳೆದದ್ದು ಅಪನಂಬಿಕೆ. 1994ರಲ್ಲಿ ಯಹೂದಿ ವಲಸಿಗನೊಬ್ಬ ಹೆಬ್ರಾನ್ ಮಸೀದಿಯಲ್ಲಿ ಪ್ರಾರ್ಥನೆಯಲ್ಲಿದ್ದ 29 ಮಂದಿಯನ್ನು ಕೊಂದ. ಹಮಾಸ್ ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬ್ ಸಿಡಿಸಿತು. ವಸಾಹತುಗಳೂ ಬೆಳೆಯುತ್ತಲೇ ಹೋದವು. ಹತ್ಯಾಕಾಂಡದ ನಂತರ ಹೆಬ್ರಾನ್‌ನ ವಲಸಿಗರನ್ನು ತೆರವುಗೊಳಿಸುವ ಯೋಚನೆ ರಾಬಿನ್‌ಗೆ ಬಂದರೂ ಅವರು ಕೈಹಾಕಲಿಲ್ಲ.

1995ರ ಅಕ್ಟೋಬರ್‌ನಲ್ಲಿ ಎರಡನೇ ಓಸ್ಲೊ ಒಪ್ಪಂದಕ್ಕೆ ಸಂಸತ್ತಿನಲ್ಲಿ ಸಿಕ್ಕ ಮತ 61, ವಿರುದ್ಧ 59. ಬೀದಿಗಳಲ್ಲಿ ರಾಬಿನ್‌ಗೆ ನಾಜಿ ಸಮವಸ್ತ್ರ ತೊಡಿಸಿದ ಚಿತ್ರಗಳು ಹರಿದಾಡಿದವು. ದ್ರೋಹಿ ಎಂಬ ಕೂಗು ಎದ್ದಿತು. ಗುಂಡುನಿರೋಧಕ ಕವಚ ತೊಡಲು ಅವರು ಒಪ್ಪಲಿಲ್ಲ. ಒಂದು ತಿಂಗಳೊಳಗೆ ಆ ವಿದ್ಯಾರ್ಥಿ ಪಿಸ್ತೂಲು ಹಿಡಿದು ಬಂದ. 1996ರ ಚುನಾವಣೆಯಲ್ಲಿ ಓಸ್ಲೊ ವಿರೋಧಿ ಬೆಂಜಮಿನ್ ನೆತನ್ಯಾಹು ಕೂದಲೆಳೆ ಅಂತರದಲ್ಲಿ ಗೆದ್ದರು.

ರಾಬಿನ್ ಸಂತರಾಗಿರಲಿಲ್ಲ. ಅವರ ಶಾಂತಿಯೂ ತನ್ನ ದೇಶದ ಲಾಭದ ಲೆಕ್ಕವೇ. ಅವರು ಬದುಕಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ಹೇಳಲು ನನಗೆ ಧೈರ್ಯವಿಲ್ಲ. ಆದರೆ ಹೊಡೆದು ಗೆಲ್ಲಲಾಗದು ಎಂದು ಕಂಡಾಗ ದಾರಿ ಬದಲಿಸುವ ಧೈರ್ಯ ಆ ಮುದುಕನಿಗಿತ್ತು. ಮನಸ್ಸು ಬದಲಿಸಲು ಸಿದ್ಧನಿಲ್ಲದವನು 25ರ ಯುವಕ. ಗೆಳೆಯರ ಜೊತೆ ವಾದಕ್ಕೆ ಕೂತಾಗ ಈಗ ನನಗೆ ಮೊದಲು ನೆನಪಾಗುವುದು ಇದೇ.