ಡಾಕ್ಟರ್ ಫ್ರಾನ್ಸಿಸ್ ಬುಕಾನನ್

ನಮ್ಮ ದಾವಣಗೆರೆ, ಹರಿಹರಗಳ ನೆಲವನ್ನು ಇಂದು ಉಪಗ್ರಹಗಳು ರಾಡಾರ್ ಕಿರಣಗಳಿಂದ ನೋಡುತ್ತಿವೆ. ಆ ಚಿತ್ರಗಳಲ್ಲಿ ಕೆರೆ ಯಾವುದು, ಗದ್ದೆ ಯಾವುದು, ಊರು ಯಾವುದು ಎಂದು ಯಂತ್ರಕ್ಕೆ ಕಲಿಸುವ ವಿದ್ಯೆಯನ್ನು ನಾನು ಅಭ್ಯಾಸ ಮಾಡತೊಡಗಿದಾಗ, ಇನ್ನೂರು ವರ್ಷಗಳಿಗೂ ಹಿಂದೆ ಇದೇ ನೆಲವನ್ನು ವಿಂಗಡಿಸಿ ಬರೆದಿಟ್ಟ ಒಬ್ಬ ವೈದ್ಯನ ನೆನಪಾಯಿತು. ಆತನೇ ಡಾಕ್ಟರ್ ಫ್ರಾನ್ಸಿಸ್ ಬುಕಾನನ್.

ಈತನು 1762ರಲ್ಲಿ ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬಲ್ಲಿ ಜನಿಸಿದನು. 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದನು. ಸಸ್ಯಶಾಸ್ತ್ರದಲ್ಲಿ ಈತನಿಗೆ ಅಪಾರ ಒಲವು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಸೇರಿದನು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ತರುವಾಯ, ಮೈಸೂರು ಸೀಮೆಯ ಬೇಸಾಯ, ಕೈಗಾರಿಕೆ, ವ್ಯಾಪಾರಗಳನ್ನು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಈತನನ್ನು ನೇಮಿಸಿದನು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್, ಮೈಸೂರು, ಮಲಬಾರು, ಕರಾವಳಿಗಳನ್ನು ಸುತ್ತಿ, ಘಟ್ಟವನ್ನೇರಿ, 1801ರಲ್ಲಿ ಹರಿಹರಕ್ಕೂ ದಾವಣಗೆರೆಗೂ ಬಂದನು.

ಊರು ಸೇರಿದೊಡನೆ ರೈತರನ್ನೂ ನೇಕಾರರನ್ನೂ ವರ್ತಕರನ್ನೂ ವಿಚಾರಿಸುವುದು ಈತನ ಪದ್ಧತಿ. ಮಣ್ಣು ಎಂಥದು, ಬಿತ್ತನೆ ಯಾವಾಗ, ಫಸಲೆಷ್ಟು, ಕಂದಾಯವೆಷ್ಟು ಎಂದು ಕೇಳಿ ಬರೆದುಕೊಳ್ಳುವನು. ಎರೆಭೂಮಿಯ ಜೋಳ, ಹತ್ತಿ, ದಾವಣಗೆರೆಯ ಕಂಬಳಿ ವ್ಯಾಪಾರ ಎಲ್ಲವೂ ಹೀಗೆ ಆತನ ಬರಹಕ್ಕೆ ಬಂದವು. ಈ ಪ್ರವಾಸದ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆತನು ಕಂಪನಿಯ ಲಾಭಕ್ಕೆ ಬಂದವನೆಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೂ ಉಳುವವನನ್ನು ಕೇಳದೆ ಹೊಲದ ಲೆಕ್ಕ ಬರೆಯಲಾಗದೆಂಬುದನ್ನು ಆತನು ಚೆನ್ನಾಗಿ ಬಲ್ಲವನಾಗಿದ್ದನು.

ಇಂದಿನ ಯಂತ್ರಕ್ಕೂ ಈ ಪಾಠವೇ ಬೇಕಾಗಿದೆ. ರಾಡಾರ್ ಕಿರಣವು ಮೋಡವನ್ನು ಭೇದಿಸಿ, ರಾತ್ರಿಯಲ್ಲೂ ನೆಲವನ್ನು ಕಾಣಬಲ್ಲದು. ನಿಂತ ನೀರಿಗೆ ತಾಗಿದ ಕಿರಣವು ಬೇರೆ ಕಡೆಗೆ ಜಾರಿಹೋಗುವುದರಿಂದ ಕೆರೆಯು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಭದ್ರಾ ನಾಲೆಯ ನೀರು ಕಟ್ಟಿ ಆಗತಾನೆ ನಾಟಿಮಾಡಿದ ನಮ್ಮ ಗದ್ದೆಯೂ ಹಾಗೆಯೇ ಕಪ್ಪು! ಕೆಲವು ವಾರಗಳಲ್ಲಿ ಪೈರು ಎದ್ದು ಗದ್ದೆ ಬೆಳ್ಳಗಾಗುತ್ತದೆ, ಕೆರೆ ಕಪ್ಪಾಗಿಯೇ ಉಳಿಯುತ್ತದೆ. ಹೆಸರು ಗುರುತಿಸಿದ ಸಾವಿರಾರು ಮಾದರಿಗಳನ್ನು ತೋರಿಸಿದರೆ ಯಂತ್ರವು ಈ ಭೇದವನ್ನು ತಾನೇ ಕಲಿಯುವುದು. ಆದರೆ ಆ ಮಾದರಿಗಳಿಗೆ ಸರಿಯಾದ ಹೆಸರನ್ನು ಬದುವಿನ ಮೇಲೆ ನಿಂತು ಕೇಳಿದವನೇ ಕೊಡಬೇಕು. ಅವನು ತಪ್ಪಿದರೆ ಯಂತ್ರವೂ ತಪ್ಪುವುದು. ಗದ್ದೆಯೊಂದು ಕೆರೆಯೆಂದು ದಾಖಲಾಗುವುದು.

ಬುಕಾನನ್ 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳಲ್ಲಿಯೂ ಇಂಥದೇ ಸರ್ವೆ ನಡೆಸಿದನು. 1829ರಲ್ಲಿ ತೀರಿಕೊಂಡನು. 1838ರಲ್ಲಿ ಆ ಸರ್ವೆಯ ಬರಹ ಅಚ್ಚಾದಾಗ ಮುಖಪುಟದಲ್ಲಿದ್ದುದು ಮಾಂಟ್ಗೊಮರಿ ಮಾರ್ಟಿನ್ ಎಂಬ ಮತ್ತೊಬ್ಬನ ಹೆಸರು! ಬುಕಾನನ್ನನಿಗಾದ ಈ ಅನ್ಯಾಯವನ್ನು ವಿದ್ವಾಂಸರು ಮುಂದೆ ತೋರಿಸಿಕೊಟ್ಟರು. ಆದರೆ ಅವನಿಗೆ ಮಣ್ಣಿನ ಗುಣ ಹೇಳಿಕೊಟ್ಟ ನಮ್ಮ ಸೀಮೆಯ ರೈತರ ಹೆಸರನ್ನು ಯಾರು ಹುಡುಕಿಯಾರು? ರಾಡಾರ್ ಚಿತ್ರದ ಮುಂದೆ ಕುಳಿತಾಗಲೆಲ್ಲ ನನ್ನನ್ನು ಈ ಪ್ರಶ್ನೆ ಕಾಡುತ್ತದೆ.