ದೊಡ್ಡಸ್ವಾಮಿಯವರು: ಅಬ್ಬೆ ದುಬ್ವಾ ನಡೆದ ದಾರಿಗಳು

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭಾವಸರದಲ್ಲಿ ಹೊರಡುತ್ತಿರುವ ಸ್ಮರಣ ಸಂಚಿಕೆಗೆ, ನಮ್ಮ ವಿಚಾರಣೆಗಿಂತಲೂ ಬಹು ಹಿಂದಿನವರಾದ ಒಬ್ಬ ಗುರುಗಳ ಜೀವನವನ್ನು ಆರಿಸಿಕೊಂಡಿದ್ದೇವೆ. ಈ ನಾಡಿನ ಕಥೋಲಿಕ ಕ್ರೈಸ್ತರ ಹಳೆಯ ಗುರುತುಗಳನ್ನು ಹುಡುಕುತ್ತ ಯಾವ ದಾರಿ ಹಿಡಿದು ಹೊರಟರೂ ಅವರ ಹೆಜ್ಜೆಯ ಜಾಡು ಸಿಕ್ಕದೆ ಇರುವುದಿಲ್ಲ.

ಶ್ರೀರಂಗಪಟ್ಟಣದ ಕೋಟೆಯಿಂದ ಹೊರಟು, ದರಿಯಾ ದೌಲತ್ ತೋಟವನ್ನು ದಾಟಿ ಗುಂಬಜಿನ ಕಡೆಗೆ ಸಾಗುವವರು ಗಂಜಾಂ ಎಂಬ ಊರಿಗೆ ಬರುತ್ತಾರೆ. ಟಿಪ್ಪು ಸುಲ್ತಾನನು ಶಿರಾ ಮೊದಲಾದ ಕಡೆಗಳಿಂದ ಕುಶಲಕರ್ಮಿಗಳನ್ನು ಕರೆತಂದು ನೆಲೆಗೊಳಿಸಿದ ಪೇಟೆಯಿದು. ಒಂದು ಕಾಲಕ್ಕೆ ಗಿಜಿಗುಡುತ್ತಿದ್ದ ಈ ಪೇಟೆಯು ರಾಜಧಾನಿ ಮೈಸೂರಿಗೆ ಹೋದ ಮೇಲೆ ಸೊರಗಿತು. ಅರಮನೆಯನ್ನೂ ಗೋರಿಯನ್ನೂ ನೋಡುವ ಆತುರದಲ್ಲಿರುವ ಯಾತ್ರಿಕರಲ್ಲಿ ಹೆಚ್ಚಿನವರು ಇಲ್ಲಿರುವ ಚಿಕ್ಕ ಇಗರ್ಜಿಯ ಮುಂದೆ ನಿಲ್ಲುವುದಿಲ್ಲ. ಅದು ಇಂದಿಗೂ ಅಬ್ಬೆ ದುಬ್ವಾ ಅವರ ಹೆಸರಿನಲ್ಲಿಯೇ ಪರಿಚಿತವಾಗಿದೆ. ಅಬ್ಬೆ ಎಂಬುದು ಅವರ ಹೆಸರಿನ ಭಾಗವೆಂದು ಹಲವರು ತಿಳಿದಿದ್ದಾರೆ. ಅದು ಫ್ರೆಂಚರು ಗುರುಗಳನ್ನು ಸಂಬೋಧಿಸುವ ಮಾತು, ನಾವು ಸ್ವಾಮಿಯವರು ಎನ್ನುವಂತೆ. ಅವರ ನಿಜನಾಮ ಜಾನ್ ಆಂತ್ವಾನ್ ದುಬ್ವಾ. ನಮ್ಮ ಜನರು ಅವರನ್ನು ಕರೆದದ್ದು ದೊಡ್ಡಸ್ವಾಮಿಯವರು ಎಂದು.

ಅವರು ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಸೇಂಟ್ ರೆಮೇಜ಼್ ಎಂಬ ಗ್ರಾಮದಲ್ಲಿ, 1765ರ ಸುಮಾರಿಗೆ. 1792ರಲ್ಲಿ ವಿವ್ಯೇ ಧರ್ಮಪ್ರಾಂತ್ಯದಲ್ಲಿ ಗುರುಪಟ್ಟ ಪಡೆದು, ಅದೇ ವರ್ಷ ಪ್ಯಾರಿಸ್ ಪರದೇಶ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಗುರುಗಳ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಅವರನ್ನು ಕಳುಹಿಸಿದ ಪ್ಯಾರಿಸಿನ ಸೆಮಿನರಿಯೇ ಹಲವು ವರ್ಷಗಳ ಕಾಲ ಮುಚ್ಚಿಹೋಯಿತು. ಇತ್ತ ಭಾರತದಲ್ಲಿಯೂ ಸ್ಥಿತಿ ಹಾಗೆಯೇ ಇತ್ತು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಸ್ವಾಮಿ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಆರಂಭಿಸಿದ ಯೇಸುಸಭೆಯ ಮೈಸೂರು ಮಿಷನ್, 1773ರಲ್ಲಿ ಆ ಸಭೆಯೇ ರದ್ದಾದಾಗ ಅನಾಥವಾಗಿತ್ತು. 1776ರಲ್ಲಿ ಪುದುಚೇರಿಯ ಮಿಷನ್ ಪ್ಯಾರಿಸ್ ಸಂಸ್ಥೆಯ ಕೈಗೆ ಬಂದಿತಾದರೂ, ತೋಟ ದೊಡ್ಡದು, ಆಳುಗಳು ಬೆರಳೆಣಿಕೆಯಷ್ಟು. ಯುವಕ ದುಬ್ವಾ ಏಳು ವರ್ಷ ತಮಿಳು ಸೀಮೆಯ ಹಳ್ಳಿಗಳಲ್ಲಿ ಸೇವೆ ಮಾಡಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಕ್ಕೆ ಹದಿನೈದು ವರ್ಷ ಮೊದಲು, 1784ರಲ್ಲಿ, ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ನಡೆಸಿ ಈ ದ್ವೀಪಕ್ಕೆ ತಂದ ಕಥೆಯನ್ನು ನಮ್ಮ ಹಿರಿಯರಿಂದ ಕೇಳದವರು ವಿರಳ. ದಾರಿಯಲ್ಲಿಯೇ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿ ಬಲವಂತದಿಂದ ಮತಾಂತರಗೊಂಡರು. ಮೈಸೂರು ಸೀಮೆಯ ಹಳೆಯ ಕ್ರೈಸ್ತರೂ ಚದುರಿ, ಗುರುಗಳಿಲ್ಲದೆ, ಗುಡಿಯಿಲ್ಲದೆ ಉಳಿದಿದ್ದರು. ಒಡೆದುಹೋದ ಈ ಮಂದೆಯನ್ನು ಮತ್ತೆ ಕೂಡಿಸುವುದಕ್ಕಾಗಿ ದುಬ್ವಾ ಸ್ವಾಮಿಯವರು ಮೈಸೂರು ಸೀಮೆಗೆ ಬಂದರು.

ಆ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆದು ಮುಗಿಸಬಹುದು. ಮಾಡಿದವರಿಗೆ ಅದು ಎಷ್ಟು ಕಠಿಣವಾಗಿದ್ದಿತೆಂಬುದನ್ನು ಗುರುಗಳಾದ ನಾವು ಊಹಿಸಬಲ್ಲೆವು. ಹದಿನೈದು ವರ್ಷ ಬೇರೊಂದು ಮತದ ಆಚರಣೆಯಲ್ಲಿ ಕಳೆದ ಮನುಷ್ಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬಲವಂತಕ್ಕೆ ತಲೆಬಾಗಿದವನು ಅವನು. ಅವನ ಪಕ್ಕದ ಮನೆಯವನು ತಲೆಬಾಗದೆ ಸತ್ತಿದ್ದಾನೆ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನವಿಲ್ಲ. ಗಂಡ ಹೆಂಡಿರ ವಿವಾಹ ಸಿಂಧುವೋ ಅಸಿಂಧುವೋ ಗೊತ್ತಿಲ್ಲ. ಮೂರನೆಯ ಶತಮಾನದಲ್ಲಿ, ದೇಸಿಯುಸ್ ಚಕ್ರವರ್ತಿಯ ಹಿಂಸೆಯ ತರುವಾಯ, ಕಾರ್ಥೇಜಿನ ಸಂತ ಸಿಪ್ರಿಯಾನರನ್ನು ಕಾಡಿದ್ದು ಇದೇ ಪ್ರಶ್ನೆ. ಅವರು ಆಫ್ರಿಕಾದ ಧರ್ಮಾಧ್ಯಕ್ಷರ ಸಭೆ ಕೂಡಿಸಿ ವಿಚಾರಿಸಿದರು. ಗಂಜಾಮಿನ ಗುರುವಿಗೆ ಅಂತಹ ಸಭೆಯೆಲ್ಲಿ? ಅವರು ಮರಳಿ ಬಂದವರನ್ನು ಸೇರಿಸಿಕೊಂಡರು, ಜ್ಞಾನಸ್ನಾನವಿತ್ತರು, ದೇವಾಲಯ ಕಟ್ಟಿದರು. ಹೊಸ ಮಂದಿಯನ್ನು ಸೇರಿಸುವುದಕ್ಕಿಂತಲೂ ಹೋದವರಿಗೆ ಬಾಗಿಲು ತೆರೆದಿಟ್ಟದ್ದೇ ಅವರ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

ಅವರು ಯೂರೋಪಿಯನ್ನರ ಸಹವಾಸವನ್ನು ಆದಷ್ಟು ದೂರವಿಟ್ಟು, ದೇಶೀಯ ಉಡುಪು ಧರಿಸಿ, ಊಟ ಉಪಚಾರಗಳಲ್ಲಿಯೂ ಈ ನಾಡಿನವರಂತೆಯೇ ಬದುಕಿದರು. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಅವರ ಭಾವಚಿತ್ರದಲ್ಲಿ ನಾವು ಕಾಣುವುದು ಫ್ರೆಂಚ್ ಪಾದ್ರಿಯನ್ನಲ್ಲ, ರುಮಾಲು ಸುತ್ತಿದ ಒಬ್ಬ ಹಳ್ಳಿಯ ಹಿರಿಯನನ್ನು. ಆ ಕಾಲದ ಮಾರ್ಗಗಳೆಂದರೆ ಎತ್ತಿನ ಗಾಡಿ ಹೋಗುವ ಮಣ್ಣಿನ ಜಾಡುಗಳು. ಮಳೆಗಾಲದಲ್ಲಿ ಅವೂ ಇಲ್ಲ. ಕಾವೇರಿ ತುಂಬಿ ಹರಿದರೆ ದ್ವೀಪಕ್ಕೆ ದ್ವೀಪವೇ ಹೊರಲೋಕದಿಂದ ಕಡಿದುಹೋಗುತ್ತಿತ್ತು. ದಿವಾನ್ ಪೂರ್ಣಯ್ಯನವರು ನದಿಯ ಉತ್ತರ ಕವಲಿಗೆ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿ ಮುಗಿಸಿದ್ದು 1804ರಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಹೊತ್ತ ಆ ಸೇತುವೆಯು ಎಷ್ಟೋ ಪ್ರವಾಹಗಳನ್ನು ತಡೆದು ಇಂದಿಗೂ ನಿಂತಿದೆ.

ಇದೇ ವರ್ಷಗಳಲ್ಲಿ ಸ್ವಾಮಿಯವರು ಕೈಗೊಂಡ ಇನ್ನೊಂದು ಕಾರ್ಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಸಿಡುಬು ಆಗ ಊರೂರನ್ನೇ ಬರಿದುಮಾಡುವ ರೋಗ. ಬದುಕಿ ಉಳಿದವರೂ ಎಷ್ಟೋ ವೇಳೆ ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯನ ಸಿಡುಬನ್ನು ತಡೆಯಬಹುದೆಂದು 1798ರಲ್ಲಿ ಪ್ರಕಟಿಸಿದನು. ಆ ಲಸಿಕೆಯು ಬಾಗ್ದಾದಿನ ಮಾರ್ಗವಾಗಿ ಬಂದು ಮುಂಬಯಿಯನ್ನು ಮುಟ್ಟಿದ್ದು 1802ರ ಜೂನ್ ತಿಂಗಳಲ್ಲಿ. ಅದಾದ ಒಂದೆರಡು ವರ್ಷಗಳೊಳಗೆಯೇ, 1803-04ರಲ್ಲಿ, ದುಬ್ವಾ ಸ್ವಾಮಿಯವರು ಮೈಸೂರು ಸೀಮೆಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನರಿಗೆ ದೇವಿ ಹಾಕಿಸುವ ಕಾರ್ಯವನ್ನು ನಡೆಸಿಕೊಟ್ಟರು.

ಇಂದು ಔಷಧವು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತದೆ. ಅಂದು ಅದು ಬರುತ್ತಿದ್ದುದು ಮಕ್ಕಳ ತೋಳಿನಲ್ಲಿ. ಒಂದು ಮಗುವಿಗೆ ಹಾಕಿದರೆ ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ಹಣ್ಣಾಗುತ್ತದೆ, ಅದರ ರಸವನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಗೀರಬೇಕು, ಅಲ್ಲಿಂದ ಇನ್ನೊಂದಕ್ಕೆ. ಈ ಸರಪಣಿ ಒಂದು ವಾರ ಕಡಿದರೆ ಇಡೀ ಸೀಮೆಗೆ ಲಸಿಕೆಯೇ ಇಲ್ಲ. ಆದ್ದರಿಂದ ತೋಳು ಹಣ್ಣಾದ ಮಗುವನ್ನೂ ಅದರ ತಾಯಿಯನ್ನೂ ದಿನ ತಪ್ಪದಂತೆ ಮುಂದಿನ ಹಳ್ಳಿಗೆ ಕರೆದೊಯ್ಯಬೇಕಿತ್ತು. ತನ್ನ ಕೂಸಿನ ಗಾಯದಿಂದ ಬೇರೆಯವರ ಕೂಸಿಗೆ ರಸ ತೆಗೆಯಲು ಯಾವ ತಾಯಿ ಸುಲಭವಾಗಿ ಒಪ್ಪುತ್ತಾಳೆ? ಅದರಲ್ಲಿಯೂ ಮೇಲು ಕೀಳೆಂಬ ಭೇದ ಬಲವಾಗಿದ್ದ ಕಾಲದಲ್ಲಿ? ಸಿಡುಬನ್ನು ಅಮ್ಮನ ಆಟವೆಂದು ನಂಬಿದ್ದ ಜನ, ಅದನ್ನು ತಡೆದರೆ ಅಮ್ಮ ಮುನಿಯುವಳೆಂದು ಹೆದರಿದರು. ಸರ್ಕಾರದ ಆಜ್ಞೆಯಿಂದ ಆಗದ ಈ ಕಾರ್ಯ ಜನರ ನಡುವೆ ಜನರಂತೆ ಬಾಳಿದವರ ಮಾತಿನಿಂದ ಆಯಿತು. ಅದೇ ಕಾಲದ ಮೈಸೂರು ರಾಣಿಯರ ಚಿತ್ರವೊಂದನ್ನು ಪರೀಕ್ಷಿಸಿದ ಇತ್ತೀಚಿನ ವಿದ್ವಾಂಸರು, ಅದರಲ್ಲಿ ಕಿರಿಯ ರಾಣಿಯೊಬ್ಬಳು ಸೀರೆಯ ಸೆರಗನ್ನು ಸರಿಸಿ ದೇವಿ ಹಾಕಿಸಿಕೊಂಡ ತೋಳನ್ನು ತೋರುತ್ತಿರುವಳೆಂದು ಅಭಿಪ್ರಾಯಪಟ್ಟಿದ್ದಾರೆ. ಅರಮನೆಯೂ ಗುಡಿಸಲೂ ಒಂದೇ ಗಾಯದ ಗುರುತನ್ನು ಹೊತ್ತ ಕಾಲವದು.

ಸ್ವಾಮಿಯವರ ಮಂದೆ ಬಡವರ ಮಂದೆ. ಹಲವರಿಗೆ ನೆಲವಿಲ್ಲ, ಮರಳಿ ಬಂದವರಿಗೆ ನೆಂಟರಿಲ್ಲ. ಇಂತಹವರಿಗೆ ಉಪದೇಶದೊಂದಿಗೆ ಉಳುಮೆಯೂ ಬೇಕೆಂಬುದನ್ನು ಅರಿತು ಅವರು ಕೃಷಿ ವಸಾಹತುಗಳನ್ನು ಸ್ಥಾಪಿಸಿದರು. ಹಾಸನದ ಬಳಿಯ ಸಾತಳ್ಳಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಅಲ್ಲಿಂದ ಸುತ್ತಲಿನ ಗ್ರಾಮಗಳಿಗೆ ಕ್ರೈಸ್ತ ಕುಟುಂಬಗಳು ಹರಡಿ, ಆ ಭಾಗದ ಧರ್ಮಕೇಂದ್ರಗಳಿಗೆ ಸಾತಳ್ಳಿಯೇ ತಾಯಿಮನೆಯಾಯಿತು. ಇಂದು ಅದು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ನೇಗಿಲು ಹಿಡಿದು ಬೇರೂರಿದ ವಿಚಾರಣೆಗಳು ಸಂಬಳದ ಕೆಲಸ ಹುಡುಕಿಕೊಂಡು ಹೋದ ವಿಚಾರಣೆಗಳಂತೆ ಚದುರಲಿಲ್ಲ ಎಂಬುದನ್ನು ನಾವು ಕಂಡಿದ್ದೇವೆ.

ಲೋಕಕ್ಕೆ ಅವರು ಪರಿಚಿತರಾದದ್ದು ಈ ಯಾವ ಕಾರಣದಿಂದಲೂ ಅಲ್ಲ, ಒಂದು ಪುಸ್ತಕದಿಂದ. ಹಿಂದೂಗಳ ನಡೆನುಡಿ, ಸಂಸ್ಕಾರ, ಜಾತಿಪದ್ಧತಿಗಳನ್ನು ಕುರಿತು ಅವರು ಫ್ರೆಂಚಿನಲ್ಲಿ ಬರೆದ ಹಸ್ತಪ್ರತಿಯನ್ನು, ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಶಿಫಾರಸಿನ ಮೇಲೆ, ಈಸ್ಟ್ ಇಂಡಿಯಾ ಕಂಪನಿಯು 1807ರಲ್ಲಿ 2,000 ನಕ್ಷತ್ರ ವರಾಹಗಳಿಗೆ ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರು ತಿದ್ದಿ ಬೆಳೆಸಿದ ಪ್ರತಿಯನ್ನು ಅನುಸರಿಸಿದ ಬೋಷಾಂ ಅವರ ಅನುವಾದವು 1897ರಲ್ಲಿ ಹೊರಬಂದು ಹೆಚ್ಚು ಪ್ರಚಾರ ಪಡೆಯಿತು. ಆದರೆ ಸತ್ಯವನ್ನು ಮರೆಮಾಚುವುದು ನಮ್ಮಂತಹವರಿಗೆ ತಕ್ಕುದಲ್ಲ. ಈ ಗ್ರಂಥದ ಗಣನೀಯ ಭಾಗವು ಪುದುಚೇರಿಯಲ್ಲಿದ್ದ ಯೇಸುಸಭೆಯ ಸ್ವಾಮಿ ಕರ್ದೂ ಅವರ ಹಳೆಯ ಬರಹದಿಂದ ಬಂದದ್ದೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಕರ್ದೂ ಅವರು ದುಬ್ವಾ ಬರುವುದಕ್ಕೆ ಹದಿಮೂರು ವರ್ಷ ಮೊದಲೇ, 1779ರಲ್ಲಿ, ತೀರಿಕೊಂಡಿದ್ದರು. ಹಿಂದಿನವರ ಬರಹವನ್ನು ಹೆಸರಿಸದೆ ಬಳಸುವುದು ಆ ಕಾಲದಲ್ಲಿ ಇಂದಿನಷ್ಟು ದೊಡ್ಡ ದೋಷವಾಗಿರಲಿಲ್ಲವೆಂದು ಕೆಲವರು ವಾದಿಸುತ್ತಾರೆ. ನಮಗೆ ಈ ಸಮರ್ಥನೆ ಸಾಲದು. ಕೀರ್ತಿಯ ಒಂದು ಪಾಲು ಕರ್ದೂ ಅವರಿಗೆ ಸಲ್ಲಲೇಬೇಕು. ನೆರೆಹೊರೆಯ ಹಿಂದೂ ಸಹೋದರರನ್ನು ಕುರಿತು ಗ್ರಂಥದಲ್ಲಿರುವ ಹಲವು ತೀರ್ಪುಗಳೂ ಕಠೋರವಾದವು, ಇಂದು ನಾವು ಒಪ್ಪುವಂತಹವಲ್ಲ. ಜಾತಿಪದ್ಧತಿಯನ್ನು ಅವರು ಸಮಾಜದ ಕಟ್ಟುಪಾಡೆಂದು ಸಮರ್ಥಿಸಿದ್ದಂತೂ ನಮ್ಮ ದೇವಾಲಯಗಳ ಒಳಗೇ ಬೇಲಿ ಹಾಕಿದವರಿಗೆ ನೆಪವಾಯಿತು. ಆ ಬೇಲಿಗಳನ್ನು ಕೀಳಲು ಮುಂದಿನ ಪೀಳಿಗೆಯ ಗುರುಗಳು ಬಹಳ ಬೆವರು ಸುರಿಸಬೇಕಾಯಿತು.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಹೊರಟರು. ಕಂಪನಿಯು ಅವರಿಗೆ ನಿವೃತ್ತಿವೇತನವನ್ನು ಗೊತ್ತುಮಾಡಿತು. ಆ ವರ್ಷವೇ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದವು. ತಮ್ಮ ದೀರ್ಘ ಸೇವೆಯಲ್ಲಿ ಇನ್ನೂರು ಮುನ್ನೂರು ಮಂದಿಯನ್ನು ಮಾತ್ರ ಹೊಸದಾಗಿ ಧರ್ಮಕ್ಕೆ ತಂದದ್ದಾಗಿಯೂ, ಅವರಲ್ಲಿ ನಿಜ ಮನಸ್ಸಿನಿಂದ ಬಂದವರು ತೀರ ಕಡಿಮೆಯೆಂದೂ, ಈ ನಾಡಿನಲ್ಲಿ ಧರ್ಮ ಬೆಳೆಯುವ ಆಸೆ ಮನುಷ್ಯಶಕ್ತಿಗೆ ಮೀರಿದ್ದೆಂದೂ ಅವರು ಅದರಲ್ಲಿ ಬರೆದರು. ಪ್ರಾಟೆಸ್ಟಂಟ್ ಬೋಧಕರಾದ ಹಾಫ್ ಮತ್ತು ಟೌನ್‌ಲಿ ಎಂಬವರು ಮರುವರ್ಷವೇ ಖಂಡನೆಗಳನ್ನು ಅಚ್ಚುಹಾಕಿಸಿದರು. ಒಬ್ಬ ಗುರು ತನ್ನ ಯೌವನವನ್ನೆಲ್ಲ ಸವೆಸಿದ ಹೊಲವನ್ನು ಬಂಜರೆಂದು ಬರೆಯುವಾಗ ಅವನ ಕೈ ನಡುಗಿರಬೇಕು. ಅವರು ಎಣಿಸಿದ್ದು ಹೊಸದಾಗಿ ಬಂದವರನ್ನು. ಗಂಜಾಮಿನಲ್ಲಿ ಮರಳಿ ಬಂದವರನ್ನು, ಸಾತಳ್ಳಿಯಲ್ಲಿ ನೆಲೆ ಕಂಡವರನ್ನು, ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳನ್ನು ಅವರು ಆ ಲೆಕ್ಕಕ್ಕೆ ಸೇರಿಸಲಿಲ್ಲ.

ಪ್ಯಾರಿಸಿನಲ್ಲಿ ಅವರು ತಮ್ಮನ್ನು ಕಳುಹಿಸಿದ ಸೆಮಿನರಿಯಲ್ಲಿಯೇ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ ದುಡಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದದ್ದೂ ಈ ಕಾಲದಲ್ಲಿಯೇ, 1826ರಲ್ಲಿ. ಭಾರತಕ್ಕೆ ಮರಳಿ ಬರಲಿಲ್ಲ. ಆದರೆ ಅವರ ಕಣ್ಣೆದುರಿನಲ್ಲಿ ಆ ಮನೆಯಿಂದ ಗುರುಗಳು ಮತ್ತೆ ಹಡಗು ಹತ್ತಿ ಮೈಸೂರು ಸೀಮೆಗೆ ಬರತೊಡಗಿದರು. ಬಂಜರೆಂದು ಬರೆದವರೇ ಆ ಬಿತ್ತುವವರನ್ನು ಬೀಳ್ಕೊಟ್ಟರು. 1848ರ ಫೆಬ್ರವರಿ 17ರಂದು, ಫ್ರಾನ್ಸಿನಲ್ಲಿ ಇನ್ನೊಂದು ಕ್ರಾಂತಿ ಸಿಡಿಯುವುದಕ್ಕೆ ಕೆಲವೇ ದಿನ ಮೊದಲು, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಎರಡು ವರ್ಷಗಳ ಮೇಲೆ, 1850ರಲ್ಲಿ, ಪುದುಚೇರಿಯಿಂದ ಬೇರೆಯಾದ ಮೈಸೂರು ಮಿಷನ್ ತನ್ನದೇ ಧರ್ಮಾಧ್ಯಕ್ಷರನ್ನು ಪಡೆಯಿತು. ಹಾಸನದ ಸೀಮೆಯಲ್ಲಿಯೇ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಇಗರ್ಜಿಯನ್ನು 1860ರ ಸುಮಾರಿಗೆ ಕಟ್ಟಿದವರೂ ಅದೇ ಫ್ರೆಂಚ್ ಗುರುಗಳು. ಗೊರೂರಿನ ಅಣೆಕಟ್ಟೆಯಿಂದಾಗಿ ಅದು ಪಾಳುಬಿದ್ದು, ಮಳೆಗಾಲದಲ್ಲಿ ಹೇಮಾವತಿಯ ನೀರಿನಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮತ್ತೆ ಮೇಲೇಳುತ್ತದೆ.