ಉಮರ್ ಖಯ್ಯಾಮ್ ಮತ್ತು ಎರಡು ಗೆರೆಗಳು

ನಮ್ಮ ಮನೆಯಲ್ಲಿ ಉಮರ್ ಖಯ್ಯಾಮ್ ಎಂದರೆ ರುಬಾಯಿ ಬರೆದ ಶಾಯರ್. ಕನ್ನಡ ಓದುವವರಿಗೂ ಡಿ.ವಿ.ಜಿ. ಅವರ ‘ಉಮರನ ಒಸಗೆ’ಯಿಂದ ಅವರ ಪರಿಚಯವಿದೆ. ಆದರೆ ತಮ್ಮ ಕಾಲದಲ್ಲಿ ಅವರು ಹೆಸರಾಗಿದ್ದು ಗಣಿತ ಮತ್ತು ಖಗೋಳಶಾಸ್ತ್ರಕ್ಕೆ. ಕಾಮರ್ಸ್ ಓದುವ ನನಗೆ ಇದು ತಡವಾಗಿ ತಿಳಿಯಿತು.

ಖಯ್ಯಾಮ್ 1048ರಲ್ಲಿ ಇರಾನಿನ ನಿಶಾಪುರದಲ್ಲಿ ಹುಟ್ಟಿದರು. ಖಯ್ಯಾಮ್ ಎಂದರೆ ಡೇರೆ ಹೊಲಿಯುವವನು. ಸಮರ್ಕಂದದಲ್ಲಿ ಬೀಜಗಣಿತದ ಗ್ರಂಥ ಬರೆದರು. 1074ರಲ್ಲಿ ಸುಲ್ತಾನ್ ಮಲಿಕ್ ಷಾ ಅವರನ್ನು ಇಸ್ಫಹಾನಿಗೆ ಕರೆಸಿಕೊಂಡರು. ಅಲ್ಲಿನ ವೇಧಶಾಲೆಯಲ್ಲಿ ಅವರು ಮತ್ತು ಅವರ ಜೊತೆಗಾರರು ಸಿದ್ಧಪಡಿಸಿದ ಜಲಾಲಿ ಪಂಚಾಂಗ 1079ರಲ್ಲಿ ಜಾರಿಗೆ ಬಂತು.

ಅದಕ್ಕೆ ಎರಡು ವರ್ಷ ಮೊದಲು ಯೂಕ್ಲಿಡ್‌ನ ಪುಸ್ತಕದ ತೊಡಕುಗಳ ಬಗ್ಗೆ ಅರಬಿಯಲ್ಲಿ ಬರೆದಿದ್ದರು. ಸಮಾಂತರ ರೇಖೆಗಳನ್ನು ಒಂದು ಛೇದಕ ಕಡಿದರೆ ಅನುರೂಪ ಕೋನಗಳು ಸಮ, ಪರ್ಯಾಯ ಕೋನಗಳು ಸಮ, ಒಂದೇ ಬದಿಯ ಒಳಕೋನಗಳ ಮೊತ್ತ 180°. ಹೈಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆವು, ಯಾಕೆ ಎಂದು ಕೇಳಲಿಲ್ಲ. ಇದೆಲ್ಲ ನಿಂತಿರುವುದು ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆಯ ಮೇಲೆ. ಒಂದು ಬದಿಯ ಒಳಕೋನಗಳ ಮೊತ್ತ 180°ಗಿಂತ ಕಡಿಮೆಯಿದ್ದರೆ ಎರಡು ರೇಖೆಗಳು ಆ ಬದಿಯಲ್ಲಿ ಎಲ್ಲಾದರೂ ಸೇರಲೇಬೇಕು ಎಂಬುದು ಅದು. ಯೂಕ್ಲಿಡ್ ಇದನ್ನು ಸಾಧಿಸದೆ ಹಾಗೆಯೇ ಒಪ್ಪಿಕೊಂಡಿದ್ದ. ಖಯ್ಯಾಮ್‌ಗೆ ಅಷ್ಟು ಸಾಲಲಿಲ್ಲ. ಮೊದಲೇ ಪ್ರಯತ್ನಿಸಿದ್ದ ಇಬ್ನುಲ್ ಹೈಸಮ್ ರೇಖೆಯನ್ನು ಸರಿಸುತ್ತಾ ಹೋಗಿದ್ದರು. ರೇಖಾಗಣಿತದಲ್ಲಿ ಚಲನೆ ಸಲ್ಲದು ಎಂದು ಖಯ್ಯಾಮ್ ಅದನ್ನೂ ತಳ್ಳಿಹಾಕಿದರು.

ಅವರು ಒಂದು ರೇಖೆಯ ಮೇಲೆ ಒಂದೇ ಎತ್ತರದ ಎರಡು ಲಂಬಗಳನ್ನು ನಿಲ್ಲಿಸಿ ಮೇಲ್ತುದಿಗಳನ್ನು ಸೇರಿಸಿದರು. ಮೇಲಿನ ಎರಡು ಕೋನಗಳು ಸಮ ಎಂಬುದು ಸಿದ್ಧವಾಯಿತು. ಆದರೆ ಅವು ಲಂಬಕೋನವೋ, ಲಘುಕೋನವೋ, ವಿಶಾಲಕೋನವೋ? ಕೊನೆಯ ಎರಡೂ ಆಗಲಾರವು ಎಂದು ತೋರಿಸಿದರು. ತೊಂದರೆ ಇದ್ದದ್ದು ಅದಕ್ಕೆ ಹಿಡಿದ ಆಧಾರದಲ್ಲಿ. ಹತ್ತಿರವಾಗುತ್ತಿರುವ ನೇರ ರೇಖೆಗಳು ಸೇರಲೇಬೇಕು ಎಂಬ ಆ ಮಾತು ಹಳೆಯ ಪ್ರತಿಜ್ಞೆಯದೇ ಇನ್ನೊಂದು ರೂಪ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪು ಉಳಿದ ಹಾಗೆ! 19ನೇ ಶತಮಾನದಲ್ಲಿ ಲೊಬಚೆವ್‌ಸ್ಕಿ ಮತ್ತು ಬೋಯಾಯಿ, ಖಯ್ಯಾಮ್ ತಳ್ಳಿಹಾಕಿದ್ದ ಲಘುಕೋನದ ದಾರಿಯಲ್ಲೇ ಹೊಸ ರೇಖಾಗಣಿತ ಕಟ್ಟಿದರು. ಆದರೂ ಆ ಮೂರು ದಾರಿಗಳನ್ನು ಎದುರಿಗಿಟ್ಟು ನೋಡಿದ್ದೇ ದೊಡ್ಡದು ಎಂದು ನನಗನಿಸುತ್ತದೆ.

1092ರಲ್ಲಿ ವಜೀರ್ ನಿಜಾಮುಲ್ ಮುಲ್ಕ್ ಕೊಲೆಯಾದರು, ಅದೇ ವರ್ಷ ಸುಲ್ತಾನರೂ ತೀರಿಕೊಂಡರು. ವೇಧಶಾಲೆಗೆ ಹಣ ನಿಂತಿತು. ಖಯ್ಯಾಮ್ ಕೊನೆಗೆ ನಿಶಾಪುರಕ್ಕೆ ಮರಳಿ 1131ರಲ್ಲಿ ಅಲ್ಲಿಯೇ ನಿಧನರಾದರು. ತಮ್ಮ ಸಮಾಧಿಯ ಮೇಲೆ ಮರಗಳು ಹೂ ಉದುರಿಸುತ್ತವೆ ಎಂದು ಅವರು ಒಮ್ಮೆ ಹೇಳಿದ್ದರಂತೆ. ಅದನ್ನು ಕೇಳಿದ್ದ ನಿಜಾಮಿ ಅರೂಜಿ ಕೆಲವು ವರ್ಷಗಳ ನಂತರ ಹೋಗಿ ನೋಡಿದಾಗ, ತೋಟದ ಗೋಡೆಯಾಚೆಯಿಂದ ಬಾಗಿದ ಮರಗಳ ಹೂವಿನಲ್ಲಿ ಸಮಾಧಿ ಮುಚ್ಚಿಹೋಗಿತ್ತಂತೆ.